ಬಿಕ್ಕಲಂ ಇಲ್ಲದ ಬರಹ

2025ರ ಜುಲೈ 14ರಂದು ಹಿರಿಯ ನಟಿ ಬಿ. ಸರೋಜಾದೇವಿ ತೀರಿಕೊಂಡರು. ಮುಖ್ಯಮಂತ್ರಿ ಸಿದ್ದರಾಮಯ್ಯನವರು ಅವರ ಅಂತಿಮ ದರ್ಶನ ಪಡೆದ ಸುದ್ದಿ ಮುಖ್ಯಮಂತ್ರಿಗಳ ಫೇಸ್‌ಬುಕ್ ಪುಟದಲ್ಲಿ ಕನ್ನಡದಲ್ಲಿ ಬಂತು. ಕನ್ನಡದಲ್ಲಿ ಏನೂ ತಪ್ಪಿರಲಿಲ್ಲ. ತಾನೇ ತಾನಾಗಿ ಮೂಡಿದ ಇಂಗ್ಲಿಷ್ ಅನುವಾದದಲ್ಲಿ ಮಾತ್ರ ತೀರಿಕೊಂಡವರು ಮುಖ್ಯಮಂತ್ರಿಗಳೇ ಆಗಿದ್ದರು. ತೀರಿಕೊಂಡ ಮೇಲೂ ಅವರು ಹೋಗಿ ನಟಿಯ ಪಾರ್ಥಿವ ಶರೀರಕ್ಕೆ ಗೌರವ ಸಲ್ಲಿಸಿದ್ದರು! ಮುಖ್ಯಮಂತ್ರಿಗಳ ಮಾಧ್ಯಮ ಸಲಹೆಗಾರರು ಫೇಸ್‌ಬುಕ್ ನಡೆಸುವ ಮೆಟಾ ಕಂಪನಿಗೆ ಪತ್ರ ಬರೆದು, ಅನುವಾದ ನಂಬುವ ಹಾಗೆ ಆಗುವ ತನಕ ಕನ್ನಡಕ್ಕೆ ಈ ಸೌಲಭ್ಯವನ್ನೇ ನಿಲ್ಲಿಸಿ ಎಂದರು. ಕಂಪನಿ ತಪ್ಪನ್ನು ಸರಿಪಡಿಸಿ ಕ್ಷಮೆ ಕೇಳಿತು. ಎರಡು ದಿನ ಎಲ್ಲರೂ ನಕ್ಕರು, ಆಮೇಲೆ ಮರೆತರು.

ನಕ್ಕು ಮರೆಯಬಹುದಾದ ಸಂಗತಿಯೇ. ಆದರೆ ಆ ವಾಕ್ಯವನ್ನು ಬರೆದವರು ಯಾರು ಎಂದು ಕೇಳಿಕೊಂಡರೆ ನಗು ನಿಲ್ಲುತ್ತದೆ. ಇದೇ ತಪ್ಪು ಒಂದು ಪತ್ರಿಕೆಯಲ್ಲಿ ಅಚ್ಚಾಗಿದ್ದರೆ ಬೆಳಿಗ್ಗೆ ಆರು ಗಂಟೆಗೇ ಸಂಪಾದಕರ ಫೋನು ಹೊಡೆದುಕೊಳ್ಳುತ್ತಿತ್ತು. ರಾತ್ರಿ ಪಾಳಿಯ ಡೆಸ್ಕ್‌ನಲ್ಲಿ ಯಾರಿದ್ದರು, ಪುಟ ನೋಡಿ ಬಿಟ್ಟವರು ಯಾರು ಎಂದು ವಿಚಾರಣೆ ಆಗುತ್ತಿತ್ತು. ಒಬ್ಬ ಉಪಸಂಪಾದಕ ತಲೆ ತಗ್ಗಿಸಿ ನಿಲ್ಲುತ್ತಿದ್ದ, ಮತ್ತು ಜೀವಮಾನವಿಡೀ ‘ನಿಧನ’ ಎಂಬ ಪದ ಕಂಡಾಗ ಎರಡು ಸಲ ಓದುತ್ತಿದ್ದ. ಇಲ್ಲಿ ತಲೆ ತಗ್ಗಿಸಲು ಯಾರೂ ಇರಲಿಲ್ಲ. ಕ್ಷಮೆ ಕೇಳಿದವರು ಆ ವಾಕ್ಯ ಬರೆದವರಲ್ಲ, ಬಹುಶಃ ಕನ್ನಡ ಬಲ್ಲವರೂ ಅಲ್ಲ.

ತಪ್ಪು ಹೇಗಾಯಿತು ಎಂದು ಊಹಿಸುವುದು ಕಷ್ಟವಲ್ಲ. ನಮ್ಮ ವಾಕ್ಯದಲ್ಲಿ ಕರ್ತೃ ಮೊದಲು ಬಂದು ಕೂರುತ್ತದೆ, ಕ್ರಿಯಾಪದ ಕೊನೆಯವರೆಗೆ ಕಾಯುತ್ತದೆ. ನಡುವೆ ‘ನಿನ್ನೆ ನಿಧನರಾದ’ ಎಂಬಂಥ ಮಾತು ಬಂದರೆ ಅದು ಹಿಂದಿನವರಿಗಲ್ಲ, ಮುಂದೆ ಬರುವ ಹೆಸರಿಗೆ ಸೇರಿದ್ದು ಎಂದು ನಮ್ಮ ಎರಡನೇ ತರಗತಿಯ ಮಗುವಿಗೂ ಗೊತ್ತು. ಇಂಗ್ಲಿಷಿನ ಅಭ್ಯಾಸ ಬೇರೆ, ಅಲ್ಲಿ ಕರ್ತೃವಿನ ಬೆನ್ನಿಗೇ ಕ್ರಿಯೆ. ಯಂತ್ರ ಆ ಅಭ್ಯಾಸದ ಕಡೆಗೆ ವಾಲಿತು. ವಾಲಿದ ಮೇಲೆ, ಸತ್ತವರು ಎದ್ದು ಹೋಗಿ ಇನ್ನೊಬ್ಬರಿಗೆ ಹಾರ ಹಾಕಲಾರರು ಎಂಬ ವಿವೇಕ ಅದನ್ನು ತಡೆಯಬೇಕಿತ್ತು, ತಡೆಯಲಿಲ್ಲ.

ಈಗ ಎಲ್ಲರ ಬಾಯಲ್ಲೂ ಇರುವ ‘ಎಐ’, ಅಂದರೆ ಮಾತಾಡುವ ಬಗೆಯ ಕೃತಕ ಬುದ್ಧಿಮತ್ತೆ, ಕೆಲಸ ಮಾಡುವ ಕ್ರಮ ಇದಕ್ಕಿಂತ ಬಹಳ ದೂರವಿಲ್ಲ. ಪುಸ್ತಕ, ಪತ್ರಿಕೆ, ಅಂತರ್ಜಾಲದ ಮಾತುಕತೆ ಎಲ್ಲವನ್ನೂ ರಾಶಿ ಹಾಕಿ, ಪದಗಳನ್ನು ತುಂಡು ಮಾಡಿ, ಒಂದೊಂದು ತುಂಡನ್ನೂ ಅಂಕಿಗಳ ಸಾಲಾಗಿ ಬರೆದುಕೊಳ್ಳುತ್ತಾರೆ. ಇಷ್ಟು ತುಂಡುಗಳಾದ ಮೇಲೆ ಮುಂದಿನದು ಯಾವುದು ಎಂದು ಯಂತ್ರ ಊಹಿಸಬೇಕು. ಊಹೆ ತಪ್ಪಿದಾಗಲೆಲ್ಲ ಒಳಗಿನ ಲೆಕ್ಕ ಕೂದಲೆಳೆಯಷ್ಟು ಬದಲಾಗುತ್ತದೆ. 2020ರಲ್ಲಿ ಬಂದ ಜಿಪಿಟಿ-3 ಎಂಬ ಮಾದರಿಯಲ್ಲಿ ಹೀಗೆ ತಿರುವಿ ಕೂರಿಸಿದ ಅಂಕಿಗಳು 17,500 ಕೋಟಿ. ಆಮೇಲೆ ಮನುಷ್ಯರು ಕೂತು, ಈ ಉತ್ತರ ವಾಸಿ, ಅದು ಬೇಡ ಎಂದು ತಿದ್ದುತ್ತಾರೆ. 2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಜನರ ಕೈಗೆ ಬಂದಾಗ ಕಂಡ ಬೆರಗು ಇದರ ಫಲ. ಸಣ್ಣದೆಂದು ತಳ್ಳಿಹಾಕುವ ಬೆರಗಲ್ಲ. ಊಹೆಯನ್ನೇ ಉಜ್ಜಿ ಉಜ್ಜಿ ಇಷ್ಟು ದೂರ ಬರಬಹುದೆಂದು ಅದನ್ನು ಕಟ್ಟಿದವರಲ್ಲೂ ಅನೇಕರು ಎಣಿಸಿರಲಿಲ್ಲ.

ಆದರೆ ಈ ಇಡೀ ಏರ್ಪಾಟಿನಲ್ಲಿ ‘ಇದು ನಿಜವೇ?’ ಎಂದು ಕೇಳುವ ಜಾಗ ತಾನಾಗಿ ಹುಟ್ಟಿಕೊಳ್ಳುವುದಿಲ್ಲ. ‘ಇಂಥ ಕಡೆ ಇಂಥ ಮಾತು ಬರುವುದು ವಾಡಿಕೆಯೇ?’ ಎಂಬುದೇ ಮೂಲ ಪ್ರಶ್ನೆ. ವಾಡಿಕೆಯ ಮಾತು ಬಹುಪಾಲು ನಿಜವೂ ಆಗಿರುತ್ತದೆ, ಆದ್ದರಿಂದ ಉತ್ತರಗಳು ಬಹುಪಾಲು ಸರಿಯಾಗಿರುತ್ತವೆ. ಓದಿದ್ದು ತೆಳುವಾಗಿರುವ ಕಡೆ ಊಹೆ ಜಾರುತ್ತದೆ. ಕನ್ನಡದಲ್ಲಿ ಹೆಚ್ಚು ಜಾರುವುದು ಅದಕ್ಕೇ, ಅದು ಓದಿದ್ದರಲ್ಲಿ ಕನ್ನಡದ ಪಾಲು ಕಡಮೆ. ತೊಂದರೆ ಏನೆಂದರೆ ಜಾರುವಾಗಲೂ ದನಿ ಬದಲಾಗುವುದಿಲ್ಲ. ಗೊತ್ತಿಲ್ಲದ್ದನ್ನು ಹೇಳುವಾಗ ಮನುಷ್ಯ ತಡವರಿಸುತ್ತಾನೆ, ಕಣ್ಣು ತಪ್ಪಿಸುತ್ತಾನೆ, ‘ಹಂಗೇ ಇರಬೇಕು’ ಅನ್ನುತ್ತಾನೆ. ಆ ತಡವರಿಕೆಯಿಂದ ನಾವು ಎಷ್ಟೊಂದು ತಿಳಿದುಕೊಳ್ಳುತ್ತಿದ್ದೆವು ಎಂಬುದು ಅದು ಇಲ್ಲದಾಗ ಗೊತ್ತಾಗುತ್ತಿದೆ.

ತಾಲ್ಲೂಕು ಊರುಗಳಲ್ಲಿ ಸಬ್‌ರಿಜಿಸ್ಟ್ರಾರ್ ಆಫೀಸಿನ ಎದುರು ಮೇಜು ಹಾಕಿಕೊಂಡು ಕೂರುವ ಪತ್ರ ಬರಹಗಾರರು ನನಗೆ ನೆನಪಾಗುತ್ತಾರೆ. ಕ್ರಯಪತ್ರವೋ ವಿಭಾಗಪತ್ರವೋ ಬರೆಯುವಾಗ ಅವರ ಭಾಷೆ ಅವರ ಸ್ವಂತದ್ದಲ್ಲ, ತಲೆಮಾರುಗಳಿಂದ ಬಂದ ಅಚ್ಚು. ಚಕ್ಕುಬಂದಿ ಹೀಗೇ ಬರೆಯಬೇಕು, ಸ್ವಸಂತೋಷದಿಂದ ಒಪ್ಪಿ ಬರೆಸಿಕೊಟ್ಟದ್ದು ಎಂಬ ಮಾತು ಇಂಥಲ್ಲೇ ಬರಬೇಕು. ಆ ಮಟ್ಟಿಗೆ ಅವರೂ ವಾಡಿಕೆಯಿಂದ ಮುಂದಿನ ಪದ ಹಿಡಿಯುವವರೇ. ಆದರೆ ಪತ್ರ ಮುಗಿದು, ಕೊಟ್ಟವರ ಹೆಬ್ಬೆಟ್ಟು ಬಿದ್ದು, ಸಾಕ್ಷಿಗಳ ರುಜು ಆದ ಮೇಲೆ, ಕೆಳಗೆ ‘ಬಿಕ್ಕಲಂ’ ಎಂದು ಬರೆದು ಅವರು ತಮ್ಮ ಹೆಸರು ಹಾಕಿ ರುಜು ಮಾಡುತ್ತಾರೆ. ಆಸ್ತಿ ಅವರದಲ್ಲ, ದುಡ್ಡು ಅವರದಲ್ಲ, ಮಾತೂ ಅವರದಲ್ಲ. ಬರೆದವನು ನಾನು ಎಂಬುದಷ್ಟೇ ಅವರದು. ಸರ್ವೆ ನಂಬರಿನಲ್ಲಿ ಒಂದು ಅಂಕಿ ತಪ್ಪಿ ಹತ್ತಾರು ವರ್ಷದ ಮೇಲೆ ವ್ಯಾಜ್ಯ ಎದ್ದರೆ ಅವರನ್ನು ಕರೆಸಿ ಕೇಳಬಹುದು. ಅಷ್ಟು ದೂರ ಹೋಗದಿದ್ದರೂ, ಮುಂದಿನ ಸಂತೆ ದಿನ ಬಂದು ‘ಏನ್ ಸ್ವಾಮಿ, ಹಿಂಗೆ ಬರೆದಿದ್ದೀರಲ್ಲ’ ಎಂದು ಜಗಳವಾದರೂ ಆಡಬಹುದು.

ಹಳೆಯ ಶಾಸನಗಳಲ್ಲೂ ಎಷ್ಟೋ ಕಡೆ ದಾನ ಕೊಟ್ಟ ಅರಸನ ಜೊತೆಗೆ ಪಾಠ ಬರೆದವನ ಹೆಸರು, ಕಲ್ಲು ಕಡೆದ ರೂವಾರಿಯ ಹೆಸರು ಇರುತ್ತದೆ. ಓಲೆಗರಿ ಪ್ರತಿ ಮಾಡಿದವರು ಕೊನೆಯಲ್ಲಿ ತಪ್ಪಿದ್ದರೆ ತಿದ್ದಿ ಓದಿಕೊಳ್ಳಿ ಎಂದು ಕೈಮುಗಿಯುವುದುಂಟು. ಇದನ್ನು ವಿನಯ ಎಂದು ಮಾತ್ರ ಓದಿಕೊಳ್ಳುವ ರೂಢಿ ನಮ್ಮದು. ನನಗೆ ಅದರಲ್ಲಿ ವಿನಯಕ್ಕಿಂತ ಹೊಣೆಯೇ ಹೆಚ್ಚು ಕಾಣುತ್ತದೆ. ತಪ್ಪು ಆಗಿರಬಹುದು, ಆಗಿದ್ದರೆ ನನ್ನಿಂದ ಆಗಿದೆ ಎಂದು ಒಬ್ಬ ಮುಂದೆ ಬಂದು ನಿಂತಿದ್ದಾನೆ.

ಮಾತಾಡುವ ಯಂತ್ರ ಕಣ್ಣಿಗೆ ಬೀಳುತ್ತದೆ, ಆದ್ದರಿಂದ ಚರ್ಚೆಯೆಲ್ಲ ಅದರದೇ. ಅದಕ್ಕಿಂತ ಮುಂಚೆಯೇ ಬಂದು ಸದ್ದಿಲ್ಲದೆ ಕೂತಿರುವ ಕೃತಕ ಬುದ್ಧಿ ಬೇರೆ ಇದೆ. ಇಂದು ಬೆಳಿಗ್ಗೆ ಮೊಬೈಲಿನಲ್ಲಿ ಯಾವ ವಿಡಿಯೊ ಮೊದಲು ಕಂಡಿತು, ಯಾವ ರಸ್ತೆಯಲ್ಲಿ ಹೋಗಿ ಎಂದು ನಕ್ಷೆ ಹೇಳಿತು, ಬ್ಯಾಂಕು ಯಾವ ಹಣ ವರ್ಗಾವಣೆಯನ್ನು ಅನುಮಾನಿಸಿ ತಡೆಯಿತು ಎಂಬುದರ ಹಿಂದೆಲ್ಲ ಅಂಥದೇ ಊಹೆಯ ಲೆಕ್ಕ ಇದೆ. ಇವು ನಮ್ಮೊಡನೆ ಮಾತಾಡುವುದಿಲ್ಲ, ನಮ್ಮ ಬಗ್ಗೆ ತೀರ್ಮಾನ ಮಾಡುತ್ತವೆ. ಕನ್ನಡ ಅನುವಾದದ ತಪ್ಪನ್ನು ಕನ್ನಡಿಗರು ಕಂಡುಹಿಡಿದರು. ಈ ತೀರ್ಮಾನಗಳಲ್ಲಿ ತಪ್ಪಾದರೆ, ತಪ್ಪಾಗಿದೆ ಎಂಬುದೇ ಗೊತ್ತಾಗುವುದಿಲ್ಲ.

ಪಕ್ಕದ ತೆಲಂಗಾಣದಲ್ಲಿ ‘ಸಮಗ್ರ ವೇದಿಕ’ ಎಂಬ ವ್ಯವಸ್ಥೆ ಇದೆ. ಬೇರೆ ಬೇರೆ ಇಲಾಖೆಗಳ ದಾಖಲೆಗಳನ್ನು ಒಟ್ಟಿಗೆ ತಂದು, ಹೆಸರು ವಿಳಾಸ ಹೊಂದಿಸಿ, ಈ ಮನೆಯವರು ಸರ್ಕಾರದ ನೆರವಿಗೆ ಅರ್ಹರೇ ಎಂದು ತೂಗುವಂಥದ್ದು. ಯಾರದೋ ಹೆಸರಿನ ಕಾರು ಇನ್ನಾರದೋ ಹೆಸರಿಗೆ ತಳುಕು ಬಿದ್ದರೆ ಬಡವ ರಾತ್ರೋರಾತ್ರಿ ಕಾರಿನ ಮಾಲೀಕ. ಕಂಪ್ಯೂಟರ್ ಲೆಕ್ಕ ನಂಬಿ ಲಕ್ಷಗಟ್ಟಲೆ ರೇಷನ್ ಕಾರ್ಡು ರದ್ದು ಮಾಡಿದ ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ರದ್ದಾದ ಸುಮಾರು 19 ಲಕ್ಷ ಕಾರ್ಡುಗಳನ್ನು ಮನೆಬಾಗಿಲಿಗೆ ಹೋಗಿ ಪರಿಶೀಲಿಸಿ ಎಂದು 2022ರಲ್ಲಿ ಕೋರ್ಟು ಹೇಳಿತು. ಶ್ರೀಮಂತ ನೆದರ್‌ಲೆಂಡ್ಸ್‌ನಲ್ಲೂ ಇದೇ ಕಥೆ. ಮಕ್ಕಳ ಪಾಲನೆಗೆ ಕೊಡುವ ಭತ್ಯದಲ್ಲಿ ಯಾರು ಮೋಸ ಮಾಡುತ್ತಿರಬಹುದು ಎಂದು ಅಳೆಯಲು ತೆರಿಗೆ ಇಲಾಖೆ ಬಳಸಿದ ಲೆಕ್ಕದಲ್ಲಿ ಅರ್ಜಿದಾರರು ಯಾವ ದೇಶದವರು ಎಂಬುದೂ ಸೇರಿತ್ತು. ಸಾವಿರಾರು ಕುಟುಂಬಗಳು ಮಾಡದ ಮೋಸಕ್ಕೆ ಸಾಲಗಾರರಾದವು. 2021ರ ಜನವರಿಯಲ್ಲಿ ಇದೇ ಹಗರಣದ ಮೇಲೆ ಅಲ್ಲಿನ ಸರ್ಕಾರ ರಾಜೀನಾಮೆ ಕೊಟ್ಟಿತು.

ನಮಗೆ ಇದು ತೀರಾ ಹೊಸದಲ್ಲ. ‘ಸಿಸ್ಟಂ ತಗೊಳ್ತಾ ಇಲ್ಲ’, ‘ಸರ್ವರ್ ಇಲ್ಲ, ನಾಳೆ ಬನ್ನಿ’ ಎಂದು ಕೇಳಿಸಿಕೊಳ್ಳದವರು ಕರ್ನಾಟಕದಲ್ಲಿ ಯಾರಿದ್ದಾರೆ? ಬೆರಳಚ್ಚು ಹೊಂದದೆ ನ್ಯಾಯಬೆಲೆ ಅಂಗಡಿಯಿಂದ ಬರಿಗೈಲಿ ಬಂದ ಮುದುಕಿಗೆ ಅಂಗಡಿಯವನು ‘ನಾನೇನ್ ಮಾಡ್ಲಿ ಅಜ್ಜಿ, ಮಿಷನ್ ಒಪ್ತಾ ಇಲ್ಲ’ ಅನ್ನುವಾಗ ಅವನು ಸುಳ್ಳು ಹೇಳುತ್ತಿರುವುದಿಲ್ಲ. ಆದರೆ ಅಜ್ಜಿಯ ಮುಂದೆ ಮನುಷ್ಯ ನಿಂತಿದ್ದೂ ಇಲ್ಲದಂತಾಗಿರುತ್ತಾನೆ. ಎಐ ಬಂದದ್ದರಿಂದ ಈ ಕಾಯಿಲೆ ಶುರುವಾಗಲಿಲ್ಲ. ಹಳೆಯ ಯಂತ್ರ ‘ಇಲ್ಲ’ ಎಂದಷ್ಟೇ ಹೇಳುತ್ತಿತ್ತು, ಹೊಸದು ‘ಇಲ್ಲ’ ಎನ್ನುವುದಕ್ಕೆ ಚಂದದ ಕಾರಣವನ್ನೂ ಹೆಣೆದು ಕೊಡಬಲ್ಲದು. ಕಾರಣ ಚಂದವಾಗಿದ್ದಷ್ಟೂ ಅಜ್ಜಿಗೆ ವಾದಿಸುವುದು ಕಷ್ಟ.

ಹೊಣೆಯನ್ನು ಯಂತ್ರದ ತಲೆಗೆ ಕಟ್ಟುವ ಆಸೆ ಎಲ್ಲಿಯವರೆಗೆ ಹೋಗಬಹುದು ಎಂಬುದಕ್ಕೆ ಏರ್ ಕೆನಡಾ ವಿಮಾನ ಸಂಸ್ಥೆಯ ಪ್ರಕರಣ ನೋಡಬೇಕು. ಅಜ್ಜಿ ತೀರಿಕೊಂಡಿದ್ದರಿಂದ ತುರ್ತಾಗಿ ಹೊರಟ ಪ್ರಯಾಣಿಕನೊಬ್ಬ ಸಂಸ್ಥೆಯ ಜಾಲತಾಣದ ಚಾಟ್‌ಬಾಟ್‌ನಲ್ಲಿ ವಿಚಾರಿಸಿದ. ಸಾವಿನ ಸಂದರ್ಭದ ರಿಯಾಯಿತಿಗೆ ಆಮೇಲೂ ಅರ್ಜಿ ಹಾಕಬಹುದು ಎಂದು ಅದು ಹೇಳಿತು. ಅಂಥ ನಿಯಮವೇ ಇರಲಿಲ್ಲ. ಹಣ ವಾಪಸು ಕೇಳಿದಾಗ ಸಂಸ್ಥೆ ಒಪ್ಪಲಿಲ್ಲ. ವಿಷಯ ಬ್ರಿಟಿಷ್ ಕೊಲಂಬಿಯಾದ ನ್ಯಾಯಮಂಡಳಿಗೆ ಹೋದಾಗ, ಚಾಟ್‌ಬಾಟ್ ತನ್ನ ನಡೆಗೆ ತಾನೇ ಜವಾಬ್ದಾರನಾದ ಬೇರೆಯೇ ಒಂದು ಕಾನೂನು ವ್ಯಕ್ತಿ ಎಂಬಂಥ ವಾದವನ್ನು ಸಂಸ್ಥೆ ಮುಂದಿಟ್ಟಿತು. 2024ರ ಫೆಬ್ರುವರಿಯಲ್ಲಿ ನ್ಯಾಯಮಂಡಳಿ ಅದನ್ನು ಒಪ್ಪದೆ, ನಿಮ್ಮ ತಾಣದಲ್ಲಿ ಬಂದ ಮಾತೆಲ್ಲ ನಿಮ್ಮದೇ ಎಂದಿತು. ಪರಿಹಾರದ ಮೊತ್ತ ಸುಮಾರು 650 ಕೆನಡಾ ಡಾಲರ್, ದೊಡ್ಡ ಸಂಸ್ಥೆಗೆ ಪುಡಿಗಾಸು. ಆ ವಾದ ಗೆದ್ದಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿದರೆ ಮೊತ್ತ ದೊಡ್ಡದಾಗಿ ಕಾಣುತ್ತದೆ.

ಇನ್ನೊಂದು ಕಡೆಯಿಂದಲೂ ನೋಡಬೇಕು. ಸಂಸ್ಥೆಗಳು ಹೊಣೆ ಜಾರಿಸಿಕೊಳ್ಳುತ್ತವೆ, ಸರಿ. ಯಂತ್ರದ ಎದುರು ಕೂತ ನಾವು ಮಾಡುವುದೇನು? ಒಳಗೆ ಯಾರೋ ಇದ್ದಾರೆಂಬಂತೆ ಅದಕ್ಕೆ ಮನಸ್ಸು ಬಿಚ್ಚುತ್ತೇವೆ. ಇದನ್ನು ಮೊದಲು ಕಂಡು ಬೆಚ್ಚಿದವರು ಜೋಸೆಫ್ ವೈಜೆನ್‌ಬಾಮ್. 1923ರಲ್ಲಿ ಬರ್ಲಿನ್‌ನ ಯಹೂದಿ ಮನೆಯಲ್ಲಿ ಹುಟ್ಟಿ, ಹಿಟ್ಲರನ ಕಾಲದಲ್ಲಿ ಊರು ಬಿಟ್ಟು ಅಮೆರಿಕ ಸೇರಿದವರು. ಅಲ್ಲಿನ ಎಂಐಟಿಯಲ್ಲಿ ಅವರು ‘ಎಲೈಜಾ’ ಎಂಬ ಪ್ರೋಗ್ರಾಂ ಬರೆದು 1966ರಲ್ಲಿ ಪ್ರಕಟಿಸಿದರು. ಅದು ಮನೋವೈದ್ಯನ ವೇಷ ಹಾಕಿ, ನೀವು ಟೈಪ್ ಮಾಡಿದ್ದನ್ನೇ ತಿರುಚಿ ಪ್ರಶ್ನೆ ಮಾಡುತ್ತಿತ್ತು. ನಮ್ಮಮ್ಮನ ಮೇಲೆ ಸಿಟ್ಟಿದೆ ಎಂದರೆ ನಿಮ್ಮ ಮನೆಯವರ ಬಗ್ಗೆ ಇನ್ನಷ್ಟು ಹೇಳಿ ಅನ್ನುವಂಥ ಆಟ. ಇಂದಿನ ಯಂತ್ರಗಳ ಮುಂದೆ ಅದು ಮಕ್ಕಳ ಗಿರಗಿಟ್ಟಲೆ. ಆದರೂ, ತಿಂಗಳುಗಟ್ಟಲೆ ಅವರು ಅದನ್ನು ಬರೆಯುವುದನ್ನೇ ನೋಡಿದ್ದ ಅವರ ಕಾರ್ಯದರ್ಶಿ, ಅದರ ಜೊತೆ ನಾಲ್ಕು ಮಾತಾಡುತ್ತಲೇ, ದಯವಿಟ್ಟು ನೀವು ಸ್ವಲ್ಪ ಹೊರಗೆ ಹೋಗಿ ಎಂದರು! ಒಳಗೆ ಯಾರೂ ಇಲ್ಲವೆಂದು ಚೆನ್ನಾಗಿ ಗೊತ್ತಿದ್ದವರೇ ಗುಟ್ಟಿನ ಮಾತಿಗೆ ಏಕಾಂತ ಕೇಳಿದರು. ಕೆಲವು ಮನೋವೈದ್ಯರು ಇದನ್ನು ಚಿಕಿತ್ಸೆಗೇ ಬಳಸಬಹುದಲ್ಲ ಎಂದು ಉತ್ಸಾಹಪಟ್ಟಾಗ ವೈಜೆನ್‌ಬಾಮ್ ಇನ್ನಷ್ಟು ಕಂಗಾಲಾದರು. 1976ರಲ್ಲಿ ಬರೆದ ಪುಸ್ತಕದಲ್ಲಿ ಅವರ ತಕರಾರು ಯಂತ್ರಕ್ಕೆ ಏನು ಸಾಧ್ಯ ಎಂಬುದರ ಬಗ್ಗೆ ಅಲ್ಲ. ಸಾಧ್ಯವಾದರೂ ಅದಕ್ಕೆ ಒಪ್ಪಿಸಬಾರದ ಕೆಲಸಗಳಿವೆ ಎಂಬುದು ಅವರ ನಿಲುವು. ಸಹೋದ್ಯೋಗಿಗಳಲ್ಲಿ ಕೆಲವರು ಅದನ್ನು ಒಪ್ಪಲಿಲ್ಲ. ಅರ್ಧ ಶತಮಾನದ ಮೇಲೆ ಓದಿದರೆ ಅವರೊಬ್ಬರೇ ಎಚ್ಚರವಾಗಿದ್ದರು ಅನ್ನಿಸುತ್ತದೆ.

ಯಾವ ಕೆಲಸ ಒಪ್ಪಿಸಬಹುದು, ಯಾವುದು ಕೂಡದು? ರಜೆ ಅರ್ಜಿ, ಗ್ಯಾಸ್ ಏಜೆನ್ಸಿಗೆ ದೂರು, ಮೀಟಿಂಗಿನ ನಡಾವಳಿ, ಇವನ್ನು ಯಂತ್ರ ಬರೆದರೆ ನನ್ನದೇನೂ ಹೋಗದು. ಆದರೆ ಕ್ಷಮೆ ಕೇಳುವ ಪತ್ರ? ಸಾವಿನ ಮನೆಗೆ ಕಳಿಸುವ ನಾಲ್ಕು ಸಾಲು? 2023ರ ಫೆಬ್ರುವರಿಯಲ್ಲಿ ಅಮೆರಿಕದ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಗುಂಡಿನ ದಾಳಿ ನಡೆದು ವಿದ್ಯಾರ್ಥಿಗಳು ಸತ್ತರು. ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಪೀಬಾಡಿ ಕಾಲೇಜಿನ ಕಚೇರಿಯೊಂದು ತನ್ನ ವಿದ್ಯಾರ್ಥಿಗಳಿಗೆ ಸಾಂತ್ವನದ ಸಂದೇಶ ಕಳಿಸಿತು. ಒಗ್ಗಟ್ಟಾಗಿರೋಣ, ಒಬ್ಬರಿಗೊಬ್ಬರು ಆಗೋಣ ಎಂಬ ಅರ್ಥದ ಒಳ್ಳೆಯ ಮಾತುಗಳೇ. ಕೊನೆಯಲ್ಲಿ ಒಂದು ಸಣ್ಣ ಸಾಲು, ಇದು ಚಾಟ್‌ಜಿಪಿಟಿಯ ಬರಹದಿಂದ ರೂಪಿಸಿದ್ದು ಎಂದು. ವಿದ್ಯಾರ್ಥಿಗಳು ಕೆರಳಿದರು, ಕಚೇರಿ ಕ್ಷಮೆ ಕೇಳಿತು. ಗಮನಿಸಿ, ಅವರು ಪ್ರಾಮಾಣಿಕವಾಗಿ ಬಿಕ್ಕಲಂ ಹಾಕಿದ್ದರು. ನೋಯಿಸಿದ್ದು ಅದೇ ಸಾಲು. ಬರೆದದ್ದು ಯಂತ್ರ ಎಂದು ಮುಚ್ಚುಮರೆಯಿಲ್ಲದೆ ಹೇಳಿಬಿಟ್ಟರೆ ಎಲ್ಲ ಸರಿಹೋಗುತ್ತದೆ ಎಂದು ನಂಬಿದವರಿಗೆ ಇದು ತೊಡಕಿನ ಪ್ರಸಂಗ. ದುಃಖದ ಪತ್ರದಲ್ಲಿ ಓದುವವರು ಹುಡುಕುವುದು ಚಂದದ ಮಾತನ್ನಲ್ಲ, ನಮಗಾಗಿ ಯಾರೋ ಐದು ನಿಮಿಷ ಕೂತು ಪೇಚಾಡಿದರು ಎಂಬ ಗುರುತನ್ನು. ನಮ್ಮ ಕಡೆ ಸಾವಿನ ಮನೆಗೆ ಹೋಗಿ ಏನೂ ಮಾತಾಡಲು ತೋಚದೆ ಗೋಡೆಗೊರಗಿ ಕೂತು ಬರುವವರಿಲ್ಲವೆ, ಅವರು ಏನನ್ನೂ ಹೇಳಿಲ್ಲ ಎಂದು ಯಾರೂ ತಿಳಿಯುವುದಿಲ್ಲ.

ಇಷ್ಟು ಬರೆದೆನೆಂದು ನನ್ನನ್ನು ಯಂತ್ರದ ವೈರಿ ಎಂದು ತಿಳಿಯಬೇಕಾಗಿಲ್ಲ. ತಹಸೀಲ್ದಾರರಿಗೆ ಒಂದು ಅರ್ಜಿ ಬರೆಯಲು ಹತ್ತು ಜನರ ಕಾಲು ಹಿಡಿಯುತ್ತಿದ್ದವರು ಈಗ ಮೊಬೈಲಿಗೆ ತಮ್ಮ ಮಾತಲ್ಲೇ ಹೇಳಿ ಬರೆಸಿಕೊಳ್ಳುತ್ತಿದ್ದಾರೆ. ಕಣ್ಣು ಕಾಣದವರಿಗೆ ಎದುರಿನ ಚಿತ್ರದಲ್ಲಿ ಏನಿದೆ ಎಂದು ಫೋನು ಓದಿ ಹೇಳುತ್ತದೆ. ಪ್ರೋಟೀನುಗಳ ಆಕಾರವನ್ನು ಊಹಿಸುವ ಆಲ್ಫಾಫೋಲ್ಡ್‌ಗಾಗಿ ಡೆಮಿಸ್ ಹಸ್ಸಾಬಿಸ್ ಮತ್ತು ಜಾನ್ ಜಂಪರ್ 2024ರ ರಸಾಯನಶಾಸ್ತ್ರದ ನೊಬೆಲ್‌ನಲ್ಲಿ ಪಾಲು ಪಡೆದರು, ಅದು ನಾಳೆ ಯಾರದೋ ಮನೆಗೆ ಔಷಧವಾಗಿ ಬಂದೀತು. ಇಂಗ್ಲಿಷ್ ಬಾರದೆ ಬಾಯಿ ಕಟ್ಟಿದಂತಿದ್ದವರಿಗೆ ಇದು ಬಾಯಿ ಕೊಟ್ಟಿದ್ದರೆ, ಅಲ್ಲೊಂದು ಇಲ್ಲೊಂದು ಪದ ತಪ್ಪಿತೆಂದು ಮೂಗು ಮುರಿಯುವ ಹಕ್ಕು ಓದು ಬಲ್ಲ ನನ್ನಂಥವರಿಗಿಲ್ಲ.

ಮತ್ತೆ, ಅದರ ಕನ್ನಡವೂ ಆಕಾಶದಿಂದ ಬಿದ್ದದ್ದಲ್ಲ. ಬೆಂಗಳೂರಿನ ಕಾರ್ಯ ಎಂಬ ಸಂಸ್ಥೆ ಹಳ್ಳಿಗಳ ಹೆಂಗಸರಿಗೆ ಕನ್ನಡದ ವಾಕ್ಯಗಳನ್ನು ಫೋನಿಗೆ ಓದಿ ಹೇಳುವ ಕೆಲಸ ಕೊಟ್ಟು, ಯಂತ್ರಗಳಿಗೆ ಕಲಿಸುವ ದನಿಯನ್ನು ಕೂಡಿಹಾಕಿದೆ, ಕೂಲಿಯನ್ನೂ ಗೌರವದಿಂದ ಕೊಟ್ಟಿದೆ. ಹಾಗೆ ಕೂಲಿ ಸಿಕ್ಕವರು ಕೆಲವರು ಮಾತ್ರ. ಸಂಬಳವಿಲ್ಲದೆ ವಿಕಿಪೀಡಿಯಕ್ಕೆ ಕನ್ನಡದಲ್ಲಿ ಬರೆದ ಮೇಷ್ಟರುಗಳು, ಅಂಕಣಕಾರರು, ಅಡುಗೆ ಬರೆದಿಟ್ಟ ಗೃಹಿಣಿಯರು, ಇವರ ಮಾತೆಲ್ಲ ಆ ರಾಶಿಯಲ್ಲಿ ಕರಗಿ ಈಗ ಯಾರದೂ ಅಲ್ಲದ ಮಾತಾಗಿ ವಾಪಸು ಬರುತ್ತಿದೆ.

ಯಾರದೂ ಅಲ್ಲದ ಆ ಮಾತನ್ನು ನಂಬಿ ಕೆಟ್ಟವರೂ ಇದ್ದಾರೆ. 2023ರಲ್ಲಿ ನ್ಯೂಯಾರ್ಕಿನ ವಕೀಲರೊಬ್ಬರು ಚಾಟ್‌ಜಿಪಿಟಿ ಕೊಟ್ಟ ಹಳೆಯ ತೀರ್ಪುಗಳನ್ನು ಕೋರ್ಟಿಗೆ ಸಲ್ಲಿಸಿದರು. ಅಂಥ ತೀರ್ಪುಗಳೇ ಇರಲಿಲ್ಲ, ತೀರ್ಪಿನ ವಾಡಿಕೆಯ ಆಕಾರ ಮಾತ್ರ ಇತ್ತು. ಇವು ನಿಜವೇ ಎಂದು ಅವರು ಯಂತ್ರವನ್ನೇ ಕೇಳಿದ್ದರಂತೆ, ಅದು ಹೌದೆಂದಿತ್ತು. ತಾನೇ ಬರೆದ ಪತ್ರಕ್ಕೆ ತಾನೇ ಸಾಕ್ಷಿ! ಕೋರ್ಟು ದಂಡ ಹಾಕಿದ್ದು ವಕೀಲರ ಕಡೆಯವರಿಗೆ, 5,000 ಡಾಲರ್. ನಮ್ಮಲ್ಲಿ, 2024ರ ಡಿಸೆಂಬರ್‌ನಲ್ಲಿ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಬೆಂಗಳೂರು ಪೀಠ ಕೊಟ್ಟ ಒಂದು ಆದೇಶದಲ್ಲೇ ಎಲ್ಲೂ ಇಲ್ಲದ ತೀರ್ಪುಗಳು ಕಾಣಿಸಿಕೊಂಡು, ಆದೇಶವನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು.

2025ರ ಜುಲೈನಲ್ಲಿ ಕೇರಳ ಹೈಕೋರ್ಟ್ ತನ್ನ ಜಿಲ್ಲಾ ನ್ಯಾಯಾಲಯಗಳಿಗೆ ಒಂದು ನೀತಿ ಹೊರಡಿಸಿದೆ. ಎಐ ಉಪಕರಣಗಳಿಂದ ತೀರ್ಪು, ಆದೇಶ ಬರೆಸುವಂತಿಲ್ಲ, ಅನುವಾದ ಮಾಡಿಸಿದರೆ ಬಲ್ಲವರು ಓದಿ ನೋಡಬೇಕು, ಎಲ್ಲೆಲ್ಲಿ ಯಾವುದನ್ನು ಬಳಸಿದ್ದು ಎಂದು ಲೆಕ್ಕ ಇಡಬೇಕು, ಆದೇಶದ ಹೊಣೆ ಪೂರ್ತಿ ನ್ಯಾಯಾಧೀಶರದೇ ಎಂದು ಅದರಲ್ಲಿದೆ. ಓದಲು ನೀರಸವಾದ ಕಚೇರಿ ಭಾಷೆ. ಪತ್ರ ಬರಹಗಾರರು ಕೊನೆಯಲ್ಲಿ ಹಾಕುವ ಸಾಲಿಗೆ ಅದು ಬಹಳ ಹತ್ತಿರದ್ದು ಎಂದು ನನಗೆ ಇಷ್ಟವಾಯಿತು. ಆದರೆ ಆ ನೀತಿ ಕೋರ್ಟುಗಳಿಗೆ ಮಾತ್ರ. ಬ್ಯಾಂಕಿನಲ್ಲಿ ಸಾಲದ ಅರ್ಜಿ ತಿರಸ್ಕರಿಸಿದ ಲೆಕ್ಕಕ್ಕೆ, ಆಸ್ಪತ್ರೆಯಲ್ಲಿ ವಿಮೆಯ ಕ್ಲೇಮು ತಡೆದ ಲೆಕ್ಕಕ್ಕೆ, ಪಟ್ಟಿಯಿಂದ ಹೆಸರು ತೆಗೆದ ಲೆಕ್ಕಕ್ಕೆ ಯಾರು ರುಜು ಹಾಕಬೇಕು ಎಂದು ಕೇಳುವ ಸರದಿ ಇನ್ನು ಮುಂದಿನದು. ಕೌಂಟರಿನ ಈಚೆ ನಿಂತವರು ‘ಸಿಸ್ಟಂ ಹೇಳಿದ್ದು ಆಯ್ತು, ನೀವೇನ್ ಹೇಳ್ತೀರಿ ಸ್ವಾಮಿ, ಅದನ್ನ ಬರೆದು ಕೊಡಿ’ ಎಂದು ಕೇಳುವ ತನಕ ಆಚೆ ಕೂತವರು ತಾವಾಗಿ ಪೆನ್ನು ತೆಗೆಯುತ್ತಾರೆ ಎಂಬ ಭರವಸೆ ನನಗಂತೂ ಇಲ್ಲ.